ನೆಲಕ್ಕ ಹಲ್ಲದಾವ

ಮೊದಲೇ ಹೇಳಿಬಿಡ್ತೀನಿ, ನಾನು ಅಂಜುಬುರುಕಿ. ಹಲ್ಲಿ ಲೊಚಗುಟ್ಟಿದರೂ ಎದಿ ಧಸಕ್ಕಂತದ. ಆದರ ನನ್ನ ಆಯುಷ್ಯದಾಗ ನನಗಿಂತ ಹೆಚ್ಚು ಅಂಜೋರನ್ನ ಒಬ್ಬರನ್ನೇ ನೋಡೀನಿ. ರಾವೂರ ಬಲ್ಲಿ ಒಂದು ಕಲ್ಲಿನ ಖಣಿಯೊಳಗ ಟ್ರಾಲಿಯ ಬಿರೇಕು ಹಿಡಿಯೋ ಕಾಕಾ ಅವರು. ನಾನು ಅಂಜೋದು ದೆವ್ವಕ್ಕ, ಹಾವಿಗೆ, ಅತ್ತಿಯ ಬಾಯಿಗೆ. ಕಾಕಾ ಅಂಜೋದು ಸುಮ್ಮನ ಕುಂತ ಸಾಮಾನಿಗೆ.

ಮದುವಿಯಾಗಿ ಸೇಡಂದಿಂದ ಖಣಿಯ ಕ್ಯಾಂಪಿಗೆ ಬಂದು ನನಗ ಇನ್ನೂ ಎಂಟು ದಿನ ಆಗಿದ್ದಿಲ್ಲ. ರಜಾಕಾರರ ಗದ್ದಲ ಮುಗಿದು ಮೂರ್ನಾಕು ವರ್ಷ ಆಗಿತ್ತು, ಆದರ ಮಂದಿಯ ಮಾರಿ ಮ್ಯಾಲಿನ ಅಂಜಿಕಿ ಇನ್ನೂ ಪೂರಾ ಇಳಿದಿದ್ದಿಲ್ಲ. ನಮ್ಮವರು ಖಣಿಯ ಲೆಕ್ಕ ಬರಿಯೋ ಮುನಷಿ. ಬಾಜೂ ಮನಿ ಕಾಕಾಂದು. ಹೊಸ ಸೊಸಿನ್ನ ನೋಡಬೇಕಂತ ಚಿಗವ್ವ, ಅಂದ್ರ ಕಾಕಾನ ಹೆಂಡತಿ, ಉಡಿ ತುಂಬ ಪುಂಡಿಪಲ್ಯೆ ಕಟ್ಟಿಕೊಂಡು ಬಂದಳು. ಹಿಂದ ಕಾಕಾ. ಚಿಗವ್ವ ನನ್ನ ಮಾರಿ ನೋಡಿದಳು, ಕೈಯಾಗಿನ ಬಳಿ ನೋಡಿದಳು. ಕಾಕಾ ನನ್ನ ಕಡಿ ನೋಡಲೇ ಇಲ್ಲ. ಹೊಸ್ತಿಲದಾಗ ನಿಂತು ಮೂಲಿ ನೋಡಾಕತ್ತಿದ್ದರು. ಅಲ್ಲಿ ನಾನು ಗೋಡಿಗೆ ಆನಿಸಿ ಒನಕಿ ನಿಲ್ಲಿಸಿದ್ದೆ.

“ಯವ್ವಾ, ಅದನ್ನ ಮಲಗಿಸು,” ಅಂದರು.

“ಯಾಕ್ರೀ ಕಾಕಾ? ಸುಮ್ಮನ ನಿಂತದಲ್ಲ.”

“ಅದು ನಿಂತಿಲ್ಲ. ಬೀಳ್ಲಿಕ್ಕ ಟೈಮ್ ನೋಡಾಕತ್ತದ.”

ನಾನು ನಕ್ಕೆ. ಅವರು ನಗಲಿಲ್ಲ. ತಾವೇ ಒಳಗ ಬಂದು ಒನಕಿ ನೆಲಕ್ಕ ಮಲಗಿಸಿದರು. ಮಲಗಿಸಿದ ಮ್ಯಾಲೂ ಸಮಾಧಾನ ಇಲ್ಲ, ಅದು ಉರುಳಬಾರದಂತ ಎರಡೂ ಬಾಜೂ ಒಂದೊಂದು ಹಳ್ಳು, ಸಣ್ಣ ಕಲ್ಲು, ಇಟ್ಟರು. ಆ ಹಳ್ಳು ಅಂಗಳದಾಗ ಆರಿಸಿದ್ದಲ್ಲ, ಅವರ ಅಂಗಿ ಕಿಸೆದಾಗೇ ಇದ್ದವು. ಆ ಕಿಸೆ ಯಾವಾಗಲೂ ಜೋತುಬಿದ್ದೇ ಇರ್ತಿತ್ತು. ನಿಂತ ಬಂಡಿ ಕಂಡರ ಗಾಲಿಗೆ ಒಂದು, ಓರೆ ಕಟ್ಟಿ ಮ್ಯಾಲಿನ ಕೊಡಕ್ಕ ಒಂದು, ಯಾರದರ ಮನಿಯ ಬೀಸುಕಲ್ಲಿಗೂ ಒಂದು.

“ಕಾಕಾ, ಇವತ್ತ ಎಷ್ಟು ಶೇರು ಹಳ್ಳು ಮಾರಾಟ ಆದವು?” ಅಂತ ಖಣಿಯ ಹೆಣ್ಣಮಕ್ಕಳು ಕಾಡಸ್ತಿದ್ದರು.

“ನಿನ್ನ ಬಾಯಿಗೊಂದು ಉಳಿಸೀನಿ, ಬಾ,” ಅಂತಿದ್ದರು ಕಾಕಾ. ಮಾತು ಹಂಗಂದರೂ ಕಣ್ಣು ಮಾತ್ರ ಎಲ್ಲೋ ಒಂದು ಗಾಲಿ ಮ್ಯಾಲೇ ಇರ್ತಿತ್ತು.

ಅವರ ಕೆಲಸ ನೋಡಿದ ಮ್ಯಾಲ ನನಗ ನಗು ಬರಲಿಲ್ಲ. ಖಣಿ ಇದ್ದದ್ದು ದಿಬ್ಬದ ಮ್ಯಾಲ. ಅಲ್ಲಿ ಎಬ್ಬಿಸಿದ ಫರಸಿಕಲ್ಲು ಕೆಳಗ ವಾಡಿ ಕಡಿಯ ರೈಲಿನ ಸೈಡಿಂಗಿಗೆ ಹೋಗಬೇಕು. ನಡುವ ಉದ್ದಕ್ಕ ಇಳಕಲ. ಇಳಕಲದಾಗ ಸಣ್ಣ ಹಳಿ ಹಾಕಿದ್ದರು. ಖಾಲಿ ಟ್ರಾಲಿ ಮ್ಯಾಲಕ್ಕ ತರಲಿಕ್ಕ ಎರಡು ಜೋಡಿ ಎತ್ತು ಬೇಕಾಗ್ತಿದ್ದವು, ತುಂಬಿದ ಟ್ರಾಲಿ ಕೆಳಗ ಹೋಗಲಿಕ್ಕ ಯಾರೂ ಬೇಕಾಗಿದ್ದಿಲ್ಲ. ಹೋಗೇ ಹೋಗ್ತಿತ್ತು. ಅದನ್ನ ತಡಿಲಿಕ್ಕಿದ್ದದ್ದು ಆಳೆತ್ತರದ ಒಂದು ಕಟ್ಟಿಗಿ, ಅದರ ಬುಡಕ್ಕ ಜಡದ ಜಾಲಿಯ ತುಂಡು. ಕಟ್ಟಿಗಿ ಒತ್ತಿದರ ಆ ತುಂಡು ಗಾಲಿಗೆ ತಿಕ್ಕಿ ಗಾಲಿ ಹಿಡಿತಿತ್ತು. ಅದೇ ಬಿರೇಕು. ಕಾಕಾ ಟ್ರಾಲಿ ಹಿಂದಿನ ಹಲಗಿ ಮ್ಯಾಲ ನಿಂತು ಅದನ್ನ ಒತ್ತಿ ಹಿಡಕೊಂಡೇ ಕೆಳತನಕ ಇಳಿತಿದ್ದರು. ಕಿರ್ರ್ ಅಂತ ಸಪ್ಪಳ ನಮ್ಮ ಅಡಗಿ ಮನಿತನಕ ಬರ್ತಿತ್ತು. ಆ ಸಪ್ಪಳ ನಿಲ್ಲೋತನಕ ನಾನು ರೊಟ್ಟಿ ಬಡಿತಿದ್ದಿಲ್ಲ, ಕೈ ತಾನಾಗೇ ನಿಲ್ತಿತ್ತು.

ಟ್ರಾಲಿ ಮ್ಯಾಲ ಅವರ ಬಾಜೂ ಒಂದು ಗೋಣಿಚೀಲ ಇರ್ತಿತ್ತು. ಅದರ ತುಂಬ ಕಲ್ಲು ಕೆತ್ತಿದಾಗ ಉದುರಿದ ಒಣಾ ಪುಡಿ. ದಿನಾ ಮುಂಜಾನೆ ಅದನ್ನ ಬಿಸಲಿಗೆ ಹರವಿ, ಬೆರಳಾಗ ತಿಕ್ಕಿ ನೋಡಿ, ಮತ್ತ ತುಂಬ್ತಿದ್ದರು. ಮಳಿಗಾಲದಾಗ ಆ ಚೀಲ ಒಳಗ ಒಲಿ ಬಾಜೂ ಮಲಗ್ತಿತ್ತು, ಚಿಗವ್ವ ಹೊರಗ ಕಟ್ಟಿ ಮ್ಯಾಲ.

“ಕಾಕಾ, ಈ ಪುಡಿ ಎದಕ್ರೀ?” ಅಂತ ಒಮ್ಮೆ ಕೇಳಿದೆ.

“ವಾಡಿ ಟೇಸನ್ನಾಗ ಇಂಜಿನ್ನಿನವ್ರು ಮಳಿ ಬಂದಾಗ ಗಾಲಿ ಮುಂದ ಉಸುಕು ಬಿಡ್ತಾರ, ನೋಡಿಲ್ಲೇನು? ಗಾಲಿ ಜಾರಬಾರದಂತ.” ಆಮ್ಯಾಲ ಅಂದರು, “ನೆಲಕ್ಕ ಹಲ್ಲದಾವ, ಯವ್ವಾ. ಕಣ್ಣಿಗೆ ಕಾಣಂಗಿಲ್ಲ, ಆದರ ಅದಾವ. ಆ ಹಲ್ಲು ಹಿಡದಾವಂತ ನೀನು ನಡಿತೀ, ನಾನು ನಿಂತೀನಿ. ನೀರಿಗಿ ಹಲ್ಲಿಲ್ಲ. ಎಣ್ಣಿಗಂತೂ ಇಲ್ಲೇ ಇಲ್ಲ.”

ನೀರಿನ ಮಾತು ಅವರಿಗೆ ಸುಮ್ಮನ ಬರ್ತಿದ್ದಿಲ್ಲ. ಅವರು ಶಹಾಬಾದದ ಕೆಳಗ ಕಾಗಿಣಾ ಹೊಳಿ ದಂಡಿಯವರು, ಹಿರೇರ ಕಾಲದಿಂದ ದೋಣಿ ನಡಸೋ ಮನಿತನ. ಹದಿನಾರು ವರ್ಷದವರಿದ್ದಾಗ ಭತ್ತದ ಚೀಲ ತುಂಬಿದ ದೋಣಿ ತಂದು ದಂಡಿಗೆ ಹಚ್ಚಾಕತ್ತಿದ್ದರಂತ. ಸ್ವಂತ ಅಣ್ಣ ಅಲ್ಲೇ ದಂಡಿಯ ದೊಡ್ಡ ಕಲ್ಲಿಗೆ ಬೆನ್ನು ಕೊಟ್ಟು ಎತ್ತಿನ ಮೈ ತಿಕ್ಕಾಕತ್ತಿದ್ದ. ಇವರು ಹುಟ್ಟು ಹಾಕೋದು ನಿಲ್ಲಿಸಿದರು.

“ಹುಟ್ಟು ನಿಂತಿತ್ತು ಯವ್ವಾ, ದೋಣಿ ನಿಲ್ಲಲಿಲ್ಲ. ನಾ ಒಲ್ಲೆ ಒಲ್ಲೆ ಅಂದರೂ ಹೋಗೇ ಹೋಯ್ತು. ಅಣ್ಣನ ಕಾಲು ದೋಣಿಗೂ ಕಲ್ಲಿಗೂ ನಡುವ ಸಿಗ್ತು.”

ಅಣ್ಣ ಬದುಕಿದ, ಆದರ ಸಾಯೋತನಕ ಕುಂಟಿದ. ಕಾಕಾ ದೋಣಿ ಬಿಟ್ಟು ದಿಬ್ಬಕ್ಕ ಬಂದರು. ನೀರು ಬ್ಯಾಡಂತ ಬಂದವರಿಗೆ ದೇವರು ಕೊಟ್ಟದ್ದು ಈ ಇಳಕಲ.

ಒಮ್ಮೆ ನಾವು ನಾಕೂ ಮಂದಿ ಚಿತ್ತಾಪುರದ ಸಂತಿಗೆ ಬಂಡಿಯೊಳಗ ಹೊಂಟಿದ್ದೆವು. ದಾರಿಯಾಗ ಎಮ್ಮಿ ಅಡ್ಡ ಬಂತು, ನಮ್ಮವರು ಹಗ್ಗ ಜಗ್ಗಿದರು, ಬಂಡಿ ಗಕ್ಕನ ನಿಂತಿತು. ನಾನು ಮುಗ್ಗರಿಸಿ ಚಿಗವ್ವನ ತೊಡಿ ಮ್ಯಾಲ ಬಿದ್ದೆ. ಎಲ್ಲರೂ ನಕ್ಕರು. ಕಾಕಾ ಒಬ್ಬರೇ ಬಂಡಿಯ ಗೂಟ ಹಿಡಕೊಂಡು ಗಟ್ಟಿಯಾಗಿ ಕುಂತಿದ್ದರು, ಮನಿ ಬಿಟ್ಟಾಗಿಂದ ಹಂಗೇ ಹಿಡದಿದ್ದರು.

“ಬಂಡಿ ನಿಂತದ್ದು ಎತ್ತಿಗಿ ಗೊತ್ತು. ನಿನ್ನ ಮೈಗಿ ಯಾರು ಹೇಳಬೇಕು?” ಅಂದರು. “ಮೈ ಇನ್ನೂ ಸಂತಿಗಿ ಹೊಂಟೇ ಇತ್ತು. ಹಿಡಕೊಂಡು ಕುಂದ್ರು, ಯವ್ವಾ.”

ಇಷ್ಟೆಲ್ಲ ಅಂಜೋ ಮನುಷ್ಯಾ ಒಂದು ಮಾತಿನಾಗ ಮಾತ್ರ ಯಾರಿಗೂ ಬಗ್ಗಿದ್ದಿಲ್ಲ. ಮಹಾನವಮಿ ದಿನ ಖಣಿಯೊಳಗ ಹತ್ಯಾರ ಪೂಜಿ. ಹಾರಿ, ಸುತ್ತಿಗಿ, ಉಳಿ, ಟ್ರಾಲಿ, ಎಲ್ಲಾ ತೊಳದು, ಕುಸುಬಿ ಎಣ್ಣಿ ಸವರಿ, ಅರಿಷಿಣ ಕುಂಕುಮ ಇಡಬೇಕು. ನಮ್ಮ ಕಡಿ ಎಣ್ಣಿ ಸವರಿದರೇ ಹತ್ಯಾರಕ್ಕ ಜೀವ ಬಂತಂತ ಲೆಕ್ಕ. ಬಿರೇಕಿಗೆ ಮಾತ್ರ ಕಾಕಾ ಕೈ ಹಚ್ಚಗೊಡ್ತಿದ್ದಿಲ್ಲ.

“ಎಲ್ಲಾದಕ್ಕೂ ಹಚ್ಚರಿ, ಇದಕ್ಕ ಬ್ಯಾಡ್ರಿ. ಇದು ಒಣಗಿರಬೇಕು.”

“ದೇವರಿಗೂ ಅಡ್ಡ ಬರ್ತಾನ ಈ ಮುದುಕ,” ಅಂತ ಮಂದಿ ಅಂತಿದ್ದರು. ನಮ್ಮವರೂ ಅಂತಿದ್ದರು. ನನಗ ಕೆಟ್ಟನಿಸ್ತಿತ್ತು. ಎಲ್ಲಾ ಸಾಮಾನು ಕೆಂಪಗ ಹಳದಿಯಾಗಿ ಮಿಂಚಾಕತ್ತಿರೋವಾಗ ಆ ಕರೀ ಕಟ್ಟಿಗಿ ಒಂದೇ ತವರಿಲ್ಲದ ಸೊಸಿಯಂಗ ನಿಂತಿರ್ತಿತ್ತು.

ನಾನು ಬಂದ ಎರಡನೇ ಮಹಾನವಮಿ. ನನಗ ಏಳು ತಿಂಗಳು. ಕಾಲಾಗ ನೀರು, ಎದಿಯಾಗ ಅಂಜಿಕಿ. ನಮ್ಮ ಅತ್ತಿ ಊರಿಂದ ಬಂದಾಗ, ಪೂಜಿ ಕಾಣದ ಹತ್ಯಾರ ಮನಿಯವರನ್ನೇ ತಗೋತದಂತ ಯಾರದೋ ಕಥಿ ಹೇಳಿ ಹೋಗಿದ್ದಳು. ಮರುದಿನ ಬನ್ನಿ ಹಬ್ಬಕ್ಕ ಮೊದಲನೇ ಟ್ರಾಲಿ ಇಳಿಯೋದಿತ್ತು, ಅದರ ಮ್ಯಾಲ ಕಾಯಿ ಹಿಡಕೊಂಡು ಮುನಷಿ ಕುಂದ್ರಬೇಕು. ಅದು ಅಲ್ಲಿಯ ರಿವಾಜು. ನಮ್ಮವರು ಕುಂದ್ರೋ ಟ್ರಾಲಿ, ಅದರ ಬಿರೇಕಿಗೆ ಪೂಜಿ ಇಲ್ಲ. ನನ್ನ ತಲಿಯೊಳಗ ಅದೊಂದೇ ಕೊರಿಯಾಕತ್ತಿತ್ತು.

ಮಧ್ಯಾಹ್ನ ಎಲ್ಲರೂ ಹೋಳಿಗಿ ಊಟಕ್ಕ ಕುಂತರು. ನಾನು ಸೆರಗಿನಾಗ ಎಣ್ಣಿ ಬಟ್ಟಲ ಮುಚ್ಚಿಕೊಂಡು ಟ್ರಾಲಿ ಬಲ್ಲಿ ಹೋದೆ. ಮ್ಯಾಲಕ್ಕ ಹಚ್ಚಿದರ ಕಾಕಾಗ ಕಾಣ್ತದ, ಬೈತಾರ. ಅದಕ್ಕ ಯಾರಿಗೂ ಕಾಣದ ಜಾಗಾ ಹುಡುಕಿದೆ. ಜಾಲಿ ತುಂಡಿನ ಒಳಮೈ, ಗಾಲಿ ಕಡಿ ಮಾರಿ ಮಾಡಿದ್ದು. ಅಲ್ಲಿ ಬೆರಳು ತೂರಿಸಿ ಎಣ್ಣಿ ಸವರಿದೆ. ಒಣಾ ಕಟ್ಟಿಗಿ, ಎಷ್ಟು ಹಚ್ಚಿದರೂ ಕುಡಿತು. ಭಾಳ ದಿನದ ಹಸಿವು ಪಾಪ ಅಂತ ಮತ್ತ ಹಚ್ಚಿದೆ. ಬಾಜೂಕ ಒಳ ಅಂಚಿಗೆ ಉಂಗುರ ಬೆರಳಿನಿಂದ ಐದು ಕುಂಕುಮದ ಬೊಟ್ಟು ಇಟ್ಟು, ಕೈ ಮುಗಿದು ಬಂದೆ. ಆ ದಿನ ರಾತ್ರಿ ನನಗ ಎಷ್ಟೋ ದಿನದ ಮ್ಯಾಲ ನಿದ್ದಿ ಹತ್ತಿತು.

ಮುಂಜಾನೆ ಖಣಿಯ ಮಾಲಕರು ಬಂದರು. ಫರಸಿ ತುಂಬಿದ ಟ್ರಾಲಿಗೆ ಬಾಳಿಕಂಬ ಕಟ್ಟಿದ್ದರು. ನಮ್ಮವರು ಹೊಸ ಧೋತರ ಉಟ್ಟು ಕಲ್ಲಿನ ಮ್ಯಾಲ ಕುಂತರು, ಇನ್ನಿಬ್ಬರು ಹಮಾಲರು ಹತ್ತಿದರು. ಕೆಳಗ ಸೈಡಿಂಗಿನಾಗ ಹೆಣ್ಣಮಕ್ಕಳು ಬನ್ನಿ ಹಿಡಕೊಂಡು ಹಳಿ ಬಾಯಿಗೇ ಕುಂತಿದ್ದರು. ಕಾಕಾ ಎಂದಿನಂಗ ಬಿರೇಕು ಸವರಿ ನೋಡಿದರು, ಜಗ್ಗಿ ನೋಡಿದರು. ಮ್ಯಾಲೆಲ್ಲ ಒಣಗೇ ಇತ್ತು. ಒಳಗ ಕೈ ಹಾಕಬೇಕಂತ ಅವರಿಗೆ ಯಾಕ ಅನಿಸಬೇಕು? ಅಲ್ಲಿಗೆ ಯಾರು ಹಚ್ತಾರ?

ಟ್ರಾಲಿ ಬಿಟ್ಟರು. ಮೊದಲ ಕಿರ್ರ್ ಅಂತ ಛಲೋನೇ ಇಳಿತು. ಅರ್ಧ ಹಾದಿಗೆ ಸಪ್ಪಳ ಸಣ್ಣದಾಯ್ತು. ಆಮ್ಯಾಲ ಸಪ್ಪಳೇ ಇಲ್ಲ. ತಿಕ್ಕಿ ತಿಕ್ಕಿ ಕಟ್ಟಿಗಿ ಕಾದಿತ್ತು, ಕಾದ ಕೂಡಲೇ ಕುಡಿದ ಎಣ್ಣಿ ಹೊರಗ ಬಂದಿತ್ತು. ದಿಬ್ಬದ ಮ್ಯಾಲ ನಿಂತ ನನ್ನ ಮೂಗಿಗೆ ಒಗ್ಗರಣಿ ಸೀದ ವಾಸನಿ ಬಡೀತು. ಆ ವಾಸನಿ ಬಂದದ್ದೇ ತಡ, ನನಗ ಎಲ್ಲಾ ತಿಳೀತು. ಹೊಟ್ಟಿಯೊಳಗಿನ ಕೂಸು ಒದ್ದದ್ದಷ್ಟೇ ನೆನಪದ.

“ಜಿಗೀರೋ! ಜಿಗೀರಿ!” ಅಂತ ಕಾಕಾ ಚೀರಿದರು. ಹಮಾಲರು ಹಾರಿದರು. ನಮ್ಮವರು ಹಾರಲಿಲ್ಲ, ಕಾಯಿ ಎದಿಗೆ ಅವಚಿಕೊಂಡು ಕಲ್ಲಿನಂಗ ಕುಂತೇಬಿಟ್ಟರು. ಟ್ರಾಲಿ ಓಡಾಕತ್ತಿತು. ಕಾಕಾ ಬಿರೇಕಿಗೆ ಮೈಯೆಲ್ಲ ಹೇರಿದರು, ಅದು ಸುಮ್ಮನ ಜಾರಿತು. ಒಂದು ಕೈಲೆ ಚೀಲದಿಂದ ಪುಡಿ ಬಾಚಿ ಗಾಲಿಗೆ ಒಗದರು, ಮತ್ತ ಒಗದರು. ಕಿರ್ ಅಂದು ಮತ್ತ ಸುಮ್ಮನಾಯ್ತು. ಕಡೀಗೆ ಅರ್ಧ ಚೀಲ ಪುಡಿ ಇದ್ದಂಗೇ ಎತ್ತಿ ಗಾಲಿಗೂ ತುಂಡಿಗೂ ನಡುವ ತುರುಕಿದರು. ಚೀಲದ ಜೋಡಿ ಬಲಗೈನೂ ಹೋಯ್ತು.

ಹಲ್ಲು ಕಡದಂಗ ಸಪ್ಪಳ ಎದ್ದಿತು. ಗಾಲಿ ತಿರುಗೋದು ಬಿಟ್ಟು ಹಳಿ ಮ್ಯಾಲ ಎಳಕೊಂಡು ಹೋಯ್ತು. ಹೆಣ್ಣಮಕ್ಕಳು ಚೀರಿ ಚೆಲ್ಲಾಪಿಲ್ಲಿ ಆದರು. ಟ್ರಾಲಿ ನಿಂತಾಗ ಮುಂದಿನ ಫರಸಿ ಸಾಲಿಗೂ ಅದಕ್ಕೂ ನಡುವ ಒಬ್ಬ ಮನುಷ್ಯಾ ಅಡ್ಡ ಮಲಗೋವಷ್ಟು ಜಾಗಾ ಉಳದಿತ್ತು. ನಮ್ಮವರು ಇಳದು ನಿಂತರು, ಮೈಮ್ಯಾಲ ಒಂದು ಗೀರೂ ಇದ್ದಿಲ್ಲ. ಕಾಕಾನ ಬಲಗೈಯಾಗ ಮೂರು ಬೆರಳು ಇದ್ದಿಲ್ಲ.

ನಾನು ಹ್ಯಾಂಗ ಕೆಳಗ ಇಳದೆ ಗೊತ್ತಿಲ್ಲ. ನಾ ಮುಟ್ಟೋವಷ್ಟೊತ್ತಿಗೆ ಯಾರೋ ಕಾಕಾನ ಕೈಗೆ ತಲಿಯ ಪಟಗ ಸುತ್ತಿದ್ದರು. ಮಾಲಕರು ಜಾಲಿ ತುಂಡಿಗೆ ಬೆರಳು ಹಚ್ಚಿ ಮೂಸಿದರು.

“ಕುಸುಬಿ ಎಣ್ಣಿ! ಯಾರಲೇ ಇದು? ನಾಕು ಮಂದಿಗಿ ಹೇಳ್ತಿದ್ದಿ, ಒಣಗಿರಬೇಕು, ಒಣಗಿರಬೇಕು ಅಂತ. ಯಾರು ಹಚ್ಚಿದವ್ರು?”

ಕಾಕಾ ಸುತ್ತ ನೋಡಿದರು. ನನ್ನ ಮಾರಿ ನೋಡಿದರು. ನನ್ನ ಮಾರಿ ಹ್ಯಾಂಗಿತ್ತೋ ಏನೋ, ಅಲ್ಲೇ ಕಣ್ಣು ನಿಂತಿತು. ಆಮ್ಯಾಲ ನನ್ನ ಹೊಟ್ಟಿ ನೋಡಿದರು.

“ನಾನೇರಿ,” ಅಂದರು. “ಹಬ್ಬ ಅಲ್ರಿ. ಒಂದು ಸಲ ಹಚ್ಚಿದರ ಏನಾಗ್ತದ ಅಂತ ಹಚ್ಚಿದೆ.”

ಈಗ ಹೇಳಬೇಕು, ಈಗ ಹೇಳಬೇಕು ಅನ್ಕೋತ ನಿಂತೆ. ಮಾಲಕರು ಬೈದರು, ಮಂದಿ ಬೈದರು. ಖರೇ ಹೇಳ್ತೀನಿ, ಎಲ್ಲರಿಗಿಂತ ಹೆಚ್ಚು ಬೈದವರು ನಮ್ಮವರು. ಜೀವ ಹೋಗಿ ಬಂದಿತ್ತಲ್ಲ ಅವರದು. “ಕುಡಿದಿದ್ದೇನೋ ಮುದುಕಾ?” ಅಂದರು. ಕಾಕಾ ತಮ್ಮ ಜನ್ಮದಾಗ ಹನಿ ಮುಟ್ಟಿದವರಲ್ಲ. ಅವರು ತಲಿ ಬಗ್ಗಿಸಿಕೊಂಡು ನಿಂತರು, ನಾನು ಸೆರಗು ಬಾಯಿಗೆ ತುರುಕಿಕೊಂಡು ನಿಂತೆ.

ಕಾಕಾನ ಕೆಲಸ ಹೋಯ್ತು. ನಾಕನೇ ದಿನಕ್ಕ ಬಾಡಗಿ ಬಂಡಿಯೊಳಗ ಸಾಮಾನು ಹೇರಿ ಊರಿಗೆ ಹೊಂಟರು. ನಮ್ಮವರು ಖಣಿಗೆ ಹೋದದ್ದು ನೋಡಿ ಓಡಿ ಹೋದೆ. ಕಾಕಾ ಎಡಗೈಲೆ ಬಂಡಿ ಗಾಲಿಯ ಹಿಂದಿನ ಹಳ್ಳು ತಗಿಯಾಕತ್ತಿದ್ದರು.

“ಕಾಕಾ, ಆ ಎಣ್ಣಿ...”

“ಯವ್ವಾ,” ಅಂತ ನಡುವೇ ತಡದರು. “ಒನಕಿ ಮಲಗಿಸೀದಿ ಇಲ್ಲಾ?”

“ಕಾಕಾ, ನಾನು...”

“ಮನಿಯಾಗ ಕೂಸು ಬರ್ತದ. ಯಾವುದೂ ನಿಲ್ಲಿಸಿ ಇಡಬ್ಯಾಡ. ಹೋಗು, ಬಿಸಲಾಗ ನಿಂದ್ರಬ್ಯಾಡ.”

ಬಂಡಿ ಹೋಯ್ತು. ನಾನು ಬಾಣಂತನಕ್ಕ ಸೇಡಂಗೆ ಹೋದೆ, ಮಗಳು ಹುಟ್ಟಿದಳು. ಹೇಳಬೇಕನ್ನೋದು ದಿನಾ ಇತ್ತು. ಗಂಡಗ ಹೇಳಿದರ ಏನಂದಾನು, ಅತ್ತಿಗೆ ತಿಳದರ ಏನಾದೀತು, ಕ್ಯಾಂಪಿನ ಮಂದಿ ನನ್ನ ಮಗಳಿಗೆ ಏನು ಹೆಸರಿಟ್ಟಾರು, ಹಿಂಗ ಒಂದೊಂದು ಅಂಜಿಕಿಯ ಹಳ್ಳು ನನ್ನ ನಾಲಗಿ ಕೆಳಗ ಇಟ್ಟುಕೋತ ನಾಕು ವರ್ಷ ದಾಟಿಸಿದೆ.

ನಮ್ಮ ಸೀಮಿ ಮೈಸೂರು ಕಡಿ ಹೋಗ್ತದಂತ ಎಲ್ಲಾ ಕಟ್ಟಿ ಮ್ಯಾಲೂ ಅದೇ ಮಾತು ನಡದಿದ್ದ ದಿನದಾಗ ಖಬರ ಬಂತು, ಕಾಕಾ ಹೋದರಂತ. ಮೂರನೇ ದಿನ ನಾವು ಮಗಳನ್ನ ಕರಕೊಂಡು ಹೋದೆವು. ಕಾಗಿಣಾ ದಂಡಿಯ ಸಣ್ಣ ಮನಿ. ಅಂಗಳದಾಗ ಓಣಿಯ ಗಂಡಸರು, ಒಳಗ ಹೆಣ್ಣಮಕ್ಕಳು. ಚಿಗವ್ವ ಗೋಡಿಗೆ ಆನಿ ಕುಂತಿದ್ದಳು. ಊರಾಗೇ ಇರ್ತಿದ್ದ ಅವರ ಮಗ ಬಾಜೂಕ. ನಮ್ಮವರನ್ನೂ ಒಳಗೇ ಕರದು ಕುಂದ್ರಿಸಿದ.

“ನಮ್ಮಪ್ಪ ಭಾಳ ಹುಷಾರಿನ ಮನುಷ್ಯಾ ಇದ್ದನ್ರಿ, ಮುನಷಿಯವ್ರೇ,” ಅಂದ. “ಅದೊಂದು ದಿನ ಅವಗ ಏನಾಗಿತ್ತೋ. ನಾನೂ ಖಣಿ ಕೆಲಸ ಕೇಳ್ಲಿಕ್ಕ ಹೋಗಿದ್ದೆ, ಎರಡು ಖಣಿಗಿ. ಬಿರೇಕಿಗಿ ಎಣ್ಣಿ ಹಚ್ಚಿದವನ ಮಗ ಅಲ್ಲೇನು ನೀನು, ಅಂದ್ರು. ಈ ಊರಾಗೂ ಹಂಗೇ ಕರೀತಾರ. ಅಪ್ಪ ಕೇಳಿಸ್ಕೊಂಡು ಸುಮ್ಮನ ಇರ್ತಿದ್ದ. ನನಗ ಅವನ ಮ್ಯಾಲ ಭಾಳ ಸಿಟ್ಟಿತ್ರಿ. ಕಡಿತನಕ ನೆಟ್ಟಗ ಮಾತಾಡ್ಲಿಲ್ಲ ನಾ.”

ನಮ್ಮವರು, “ವಯಸ್ಸಾಗಿತ್ತು, ಬಿಡಪ್ಪ,” ಅಂದರು.

ಅವತ್ತು ದಿಬ್ಬದ ಮ್ಯಾಲ ಬಂದಿತ್ತಲ್ಲ, ಅದೇ ಸೀದ ವಾಸನಿ ನನ್ನ ಮೂಗಿಗೆ ಬಂತು. ಮಗಳು ನನ್ನ ತೊಡಿ ಮ್ಯಾಲಿದ್ದಳು, ಅಕಿನ್ನ ಕೆಳಗ ಇಳಿಸಿದೆ.

“ಆ ಎಣ್ಣಿ ನಾ ಹಚ್ಚಿದ್ದು,” ಅಂದೆ.

ಯಾರಿಗೂ ಕೇಳಿಸಲಿಲ್ಲ ಅನಿಸ್ತು. ಮತ್ತ ಅಂದೆ. “ಕಾಕಾ ಹಚ್ಚಲಿಲ್ಲ. ನಾ ಹಚ್ಚಿದ್ದು. ಪೂಜಿ ಅಂತ ಹಚ್ಚಿದೆ, ಯಾರಿಗೂ ಕಾಣಬಾರದಂತ ಒಳಗ ಹಚ್ಚಿದೆ. ಅವರಿಗೆ ಗೊತ್ತಿತ್ತು. ನಾ ಅಂಜಿದೆ, ಹೇಳಲಿಲ್ಲ.”

ನಮ್ಮವರು ನನ್ನ ಕಡಿ ತಿರುಗಿ ನೋಡಿದರು. ಕುಡಿದಿದ್ದೇನೋ ಅಂತ ತಾವೇ ಅಂದದ್ದು ಅವರಿಗೆ ನೆನಪಾಗಿರಬೇಕು, ಎರಡೂ ಕೈಲೆ ಮಾರಿ ಮುಚ್ಚಿಕೊಂಡರು.

ಚಿಗವ್ವ ಎದ್ದಳು. ಹೊಡಿತಾಳ ಅನ್ಕೊಂಡೆ. ಹೊಡದಿದ್ದರ ಛಲೋ ಇತ್ತು. ಅಕಿ ಮೂಲಿಗೆ ಹೋಗಿ ನೀರಿನ ಗಡಿಗಿ ಉರುಳಬಾರದಂತ ಬುಡಕ್ಕ ಇಟ್ಟಿದ್ದ ಒಂದು ಕಟ್ಟಿಗಿ ತುಂಡು ತಗೊಂಡು ಬಂದಳು. ನನ್ನ ಮುಂದ ಇಟ್ಟಳು. ಜಾಲಿ ತುಂಡು. ಒಂದು ಬಾಜೂ ಸುಟ್ಟು ಕರ್ರಗಾಗಿತ್ತು. ಒಳ ಅಂಚಿಗೆ ಬಣ್ಣ ಮಾಸಿದ ಐದು ಬೊಟ್ಟು.

“ಇದನ್ನ ಬಿಚ್ಚಿ ತಂದಿದ್ರು,” ಅಂದಳು. “ಹೆಣ್ಣಮಗಳ ಬೆರಳು ಅಂತ ನೋಡಿದ ಕೂಡಲೇ ನಂಗ ತಿಳೀತು. ಯಾರಂತ ಕೇಳಿದೆ. ಹೇಳಲಿಲ್ಲ. ಬಸರಿ ಹೆಂಗಸು, ಅಂಜ್ಯಾಳ, ಅಂದ್ರು. ತಡಾ ಆಗ್ತದ, ಆದರ ಅಕಿ ಬರ್ತಾಳ. ಬಂದಾಗ ಬೈಬ್ಯಾಡ, ಮೊದಲ ನೀರು ಕೊಡು, ಅಂದ್ರು.”

ತಂಬಗಿ ತುಂಬಿ ನನ್ನ ಕೈಯಾಗ ಕೊಟ್ಟಳು. ನೀರು ಚೆಲ್ತು, ಅಕಿ ತನ್ನ ಕೈ ಕೆಳಗ ಹಿಡದಳು.

ಮಗ ಆ ತುಂಡು ತಗೊಂಡ. ಐದೂ ಬೊಟ್ಟಿನ ಮ್ಯಾಲ ಹೆಬ್ಬೆರಳು ಆಡಿಸಿದ. ಆಮ್ಯಾಲ ಎದ್ದು, ಯಾರ ಮಾರಿನೂ ನೋಡದ ಹೊರಗ ಹೋದ. ಅಂಗಳದಾಗಿನ ಗಂಡಸರ ಮುಂದ ನಿಂತು ಆ ತುಂಡು ಮ್ಯಾಲೆತ್ತಿದ.

“ಕೇಳ್ರಿ! ನಮ್ಮಪ್ಪ ಎಣ್ಣಿ ಹಚ್ಚಿದ್ದಿಲ್ಲ! ನಮ್ಮಪ್ಪ ಹಚ್ಚಿದ್ದಿಲ್ಲ!”

ಒಮ್ಮೆ ಹೇಳಿ ನಿಲ್ಲಿಸಲಿಲ್ಲ. ಅಂಗಳ ದಾಟಿದ, ಓಣಿಗೆ ಇಳದ, ಹೇಳಿಕೋತ ಹೊಳಿ ಕಡಿ ಹೋದ. ದನಿ ಒಡದು ಅಳು ಬಂತು, ಅಳಕೋತೇ ಹೇಳಿದ. ಒಬ್ಬರು ಅವನನ್ನ ಹಿಡಿಲಿಕ್ಕ ಎದ್ದರು.

“ಬಿಡ್ರಿ,” ಅಂದಳು ಚಿಗವ್ವ ಒಳಗಿಂದ. “ಅವಗ ಯಾರೂ ತಡಿಬ್ಯಾಡ್ರಿ.”